ಕೈ ಹಿಡಿಯುವ ಮುಂಚೆ ಒಂದು ಮಾತು

ಪತ್ರ: ನವರಂಗ್ ಹತ್ತಿರದ ಬಸ್ ಸ್ಟಾಪಿನಲ್ಲಿ ಬಿಳಿ ಕೋಲು ಹಿಡಿದು ನಿಂತಿದ್ದ ಕಣ್ಣು ಕಾಣದ ಹುಡುಗನನ್ನು ಕೈ ಹಿಡಿದು ರಸ್ತೆ ದಾಟಿಸಿದೆ. ಆಚೆ ಹೋದ ಮೇಲೆ, ‘ಆಂಟಿ, ನಾನು ಬಸ್ಸಿಗೆ ಕಾಯ್ತಾ ಇದ್ದೆ’ ಅಂದ. ತುಂಬ ಬೇಜಾರಾಯಿತು. ಆಂಟಿ ಬೇರೆ ಅಂದ! ಇಂಥವರನ್ನು ಮನೆಯವರು ಒಬ್ಬರನ್ನೇ ಯಾಕೆ ಕಳಿಸುತ್ತಾರೆ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ನಾನೂ ಒಮ್ಮೆ ಇದೇ ಕೆಲಸ ಮಾಡಿದ್ದೇನೆ. ಆದರೆ ಆ ಹುಡುಗನ ಪಾಡು ನೋಡಿ. ಅದೇ ರಸ್ತೆಯನ್ನು ಮತ್ತೆ ದಾಟಬೇಕು, ಅಷ್ಟರಲ್ಲಿ ಅವನ ಬಸ್ಸು ಹೋಗಿರುತ್ತದೆ.

ಒಬ್ಬರೇ ಯಾಕೆ ಅಂದರೆ, ದಿನಾ ಕೆಲಸಕ್ಕೆ ಹೋಗುವವರ ಜೊತೆ ದಿನಾ ಯಾರು ಬರುತ್ತಾರೆ? ಕೋಲು ಹಿಡಿದು ನಡೆಯುವುದು ಸುಮ್ನೆ ಬರುವುದಿಲ್ಲ, ಕಲಿಯಬೇಕು. ಕಣ್ಣು ಕಾಣದ ಗೆಳೆಯರೊಬ್ಬರ ಜೊತೆ ಒಂದು ಸಂಜೆ ನಡೆದು ನೋಡಿದೆ. ಬಲಗಾಲು ಮುಂದಿಟ್ಟಾಗ ಕೋಲಿನ ತುದಿ ಎಡಕ್ಕೆ ತಟ್ಟುತ್ತದೆ, ಎಡಗಾಲು ಇಟ್ಟಾಗ ಬಲಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ನೋಡಿರುತ್ತದೆ. 1940ರ ದಶಕದಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ರಿಚರ್ಡ್ ಹೂವರ್ ರೂಪಿಸಿದ ಕ್ರಮ ಇದು. ಉಳಿದದ್ದು ಕಿವಿ, ಮೂಗಿನ ಕೆಲಸ. ಕಾಫಿ ಪುಡಿ ಅಂಗಡಿಯ ಘಮ ಬಂತು, ಗೆಳೆಯರು ಎಡಕ್ಕೆ ತಿರುಗಿದರು. ಕಾಂಪೌಂಡ್ ಗೋಡೆ ಮುಗಿದದ್ದೂ ಅವರಿಗೆ ಸದ್ದಿನಲ್ಲೇ ಗೊತ್ತಾಯಿತು. ನನಗೆ ಏನೂ ಕೇಳಿಸಲಿಲ್ಲ.

ಮೆಟ್ರೋ ಸ್ಟೇಷನ್ನಿನಲ್ಲಿ ಅವರು ನನಗಿಂತ ಜೋರಾಗಿ ನಡೆದರು. ನೆಲದಲ್ಲಿ ಹಳದಿ ಟೈಲ್ಸ್ ಇದೆಯಲ್ಲ, ಅದು ಅಲಂಕಾರಕ್ಕಲ್ಲ. ಉದ್ದ ಗೆರೆ ಸಿಕ್ಕಿದರೆ ಹೀಗೇ ಹೋಗು ಅಂತ, ಗುಂಡು ಉಬ್ಬು ಸಿಕ್ಕಿದರೆ ನಿಲ್ಲು, ಹುಷಾರು ಅಂತ. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಇದನ್ನು ಕಂಡುಹಿಡಿದರು. 1967ರಲ್ಲಿ ಒಕಾಯಾಮಾ ನಗರದಲ್ಲಿ ಮೊದಲು ಹಾಸಿದರು. ನಾವು ಅದರ ಮೇಲೇ ಬ್ಯಾಗ್ ಇಟ್ಟು ಫೋನ್ ನೋಡ್ತಾ ನಿಲ್ಲುತ್ತೇವೆ.

ಸ್ಟೇಷನ್ ಮೆಟ್ಟಿಲು ಇಳಿದರೆ ನಮ್ಮ ಫುಟ್‌ಪಾತ್ ಶುರು. ಎದ್ದ ಚಪ್ಪಡಿ, ಅಡ್ಡ ನಿಲ್ಲಿಸಿದ ಸ್ಕೂಟರ್ ಕೋಲಿಗೆ ಸಿಗುತ್ತವೆ. ತಲೆ ಮಟ್ಟಕ್ಕೆ ಜೋತುಬಿದ್ದ ಕೇಬಲ್ಲು, ಬಾಗಿದ ಕೊಂಬೆ ಸಿಗುವುದಿಲ್ಲ. ಗೆಳೆಯರ ಹಣೆಯ ಮೇಲೆ ಅದರ ಗುರುತು ಎರಡಿದೆ. ದೆಹಲಿ ಐಐಟಿಯವರ ಸ್ಮಾರ್ಟ್‌ಕೇನ್ ಇಂಥದ್ದಕ್ಕೇ ಇರುವುದು. ಬಾವಲಿಯ ಹಾಗೆ ಶಬ್ದದ ಅಲೆ ಕಳಿಸಿ, ಮೊಣಕಾಲಿನಿಂದ ಮೇಲೆ ಏನಾದರೂ ಅಡ್ಡ ಇದ್ದರೆ ಹಿಡಿಯಲ್ಲಿ ನಡುಗುತ್ತದೆ. ಆದರೂ ಗೆಳೆಯರಿಗೆ ಈಗ ಜಾಸ್ತಿ ಭಯ ಎಲೆಕ್ಟ್ರಿಕ್ ಸ್ಕೂಟರಿನದ್ದು. ಸದ್ದೇ ಇಲ್ಲದೆ ಬಂದುಬಿಡುತ್ತದೆ, ಅದೂ ಒನ್‌ವೇಯಲ್ಲಿ ಉಲ್ಟಾ.

ಸಹಾಯ ಮಾಡಬಾರದು ಅಂತಲ್ಲ. ಮೊದಲು ಕೇಳಿ. ಬೇಕು ಅಂದರೆ ಅವರ ಕೈ ಎಳೆಯಬೇಡಿ, ಕೋಲನ್ನಂತೂ ಮುಟ್ಟಲೇಬೇಡಿ. ನಿಮ್ಮ ಮೊಣಕೈ ಕೊಡಿ. ಅದನ್ನು ಹಿಡಿದು ಅವರು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ನೀವು ಮೆಟ್ಟಿಲು ಇಳಿದದ್ದು ನಿಮ್ಮ ತೋಳಿನಲ್ಲೇ ಅವರಿಗೆ ತಿಳಿಯುತ್ತದೆ.

ಆ ಹುಡುಗನಿಗೆ ನಿಜವಾಗಿ ಬೇಕಾಗಿದ್ದದ್ದು ಬಹುಶಃ ಬಸ್ಸಿನ ನಂಬರ್. ಎರಡು ಬಸ್ಸು ಒಂದರ ಹಿಂದೆ ಒಂದು ಬಂದರೆ ಹಿಂದಿನದ್ದು ಸ್ಟಾಪಿಗೆ ಬರದೇ ಹೋಗಿಬಿಡುತ್ತದೆ, ಅಲ್ವಾ? ಮುಂದಿನ ಸಲ ಸಿಕ್ಕರೆ ನಂಬರ್ ಜೋರಾಗಿ ಓದಿ ಹೇಳಿ. ಆಂಟಿ ಅಂದಿದ್ದಕ್ಕೆ ಮಾತ್ರ ನನ್ನ ಹತ್ತಿರ ಪರಿಹಾರವಿಲ್ಲ. ನನ್ನನ್ನು ಈಗ ತಾತ ಅನ್ನುತ್ತಾರೆ.
– ಸಂ.