ಕ್ಲಾಸ್ ಬಿಡಿ, ಜಾಮೀನು ಯಾರು ನಿಲ್ಲುತ್ತಿದ್ದಾರೆ?

ಅಕ್ಕಾ, ಜೈಲಲ್ಲಿ ಜೀವನ ಕೌಶಲ್ಯದ ಕ್ಲಾಸ್ ಮುಗಿಸಿದ ತಮ್ಮ ಬೇಲ್ ಮೇಲೆ ಬಂದರೆ ಮತ್ತೆ ಹಳೇ ದಾರಿ ಹಿಡಿಯಲ್ಲ ತಾನೇ ಅಂತ ಕೇಳಿದ್ದೀರಿ. ಅಂಥ ಕ್ಲಾಸಲ್ಲಿ ನಾನೂ ಕೂತಿದ್ದವನೇ. ದಾವಣಗೆರೆಯವನು, ಬೈಕ್ ಕಳ್ಳತನದ ಕೇಸು.

ಕ್ಲಾಸ್ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಸಿಟ್ಟು ಬಂದಾಗ ಏನು ಮಾಡಬೇಕು, ಗೆಳೆಯರು ಕರೆದರೆ 'ಬರಲ್ಲ' ಅಂತ ಹೇಗೆ ಹೇಳಬೇಕು, ಎಲ್ಲ ನಾಟಕ ಆಡಿಸಿ ಕಲಿಸಿದರು. ನನ್ನ 'ಬರಲ್ಲ'ಕ್ಕೆ ಚಪ್ಪಾಳೆ ಬೇರೆ ಬಿದ್ದಿತ್ತು.

ನಾನು ಕೆಟ್ಟಿದ್ದು ಜಾಮೀನಿನಲ್ಲಿ. ಬೇಲ್ ಆರ್ಡರ್ ಆಯಿತು, ಶ್ಯೂರಿಟಿಗೆ, ಅಂದರೆ ಆಸ್ತಿ ತೋರಿಸಿ ನನ್ನ ಹೊಣೆ ಹೊರಲು, ಜನ ಇಲ್ಲ. ಅಪ್ಪನ ಹೆಸರಲ್ಲಿ ಒಂದು ಗುಂಟೆ ಜಮೀನೂ ಇರಲಿಲ್ಲ. ಸೋದರಮಾವನಿಗೆ ಹರಿಹರದ ಹತ್ತಿರ ಹೊಲ ಇತ್ತು. ಕೇಳಿದ್ದರೆ ನಾಲ್ಕು ಮಾತು ಬೈದು, ಬಂದು ಸಹಿ ಹಾಕುತ್ತಿದ್ದರು. ಆ ಬೈಗುಳಕ್ಕೆ ಹೆದರಿ ನಾನು ಕೇಳಲೇ ಇಲ್ಲ. ಅಷ್ಟರಲ್ಲಿ ಹಳೇ ಗ್ಯಾಂಗಿನವನೊಬ್ಬ ಪಹಣಿ, ಆಧಾರ್ ಹಿಡಿದು ಕೋರ್ಟಿಗೆ ಬಂದ. ವಕೀಲರ ಫೀಸೂ ಅವನೇ ಕೊಟ್ಟ. ಜಾಮೀನು ನಿಂತವನು ಅರ್ಜಿ ಹಾಕಿ ಹಿಂದೆ ಸರಿಯಬಹುದು, ಆಗ ಬೇರೆ ಜಾಮೀನು ಸಿಗದಿದ್ದರೆ ಮತ್ತೆ ಒಳಗೇ. ಇದು ಅವನಿಗೆ ಗೊತ್ತಿತ್ತು, ನನಗಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿಗೇ ಬಂದು, "ಒಂದು ಗಾಡಿ ನಿಮ್ಮನೇಲಿ ಇರ್ಲಿ. ಇಲ್ಲಾಂದ್ರೆ ನಾಳೆ ಶ್ಯೂರಿಟಿ ವಾಪಸ್ ತಗೋತೀನಿ" ಅಂದ. ಕಲಿತಿದ್ದ 'ಬರಲ್ಲ' ಬಾಯಿಗೆ ಬರಲೇ ಇಲ್ಲ. ಕದ್ದ ಗಾಡಿ ಅದು. ಎರಡನೇ ಕೇಸು ಬಿತ್ತು, ಮೊದಲ ಬೇಲೂ ಹೋಯಿತು.

ಕ್ಲಾಸಿಂದ ಉಪಯೋಗ ಇಲ್ಲ ಅಂತಲ್ಲ. ಅಮೆರಿಕದ ರ‍್ಯಾಂಡ್ ಸಂಸ್ಥೆ 2013ರಲ್ಲಿ ಹಲವು ಅಧ್ಯಯನ ಒಟ್ಟುಗೂಡಿಸಿ ನೋಡಿತು. ಜೈಲಲ್ಲಿ ಓದು, ಕಸುಬು ಕಲಿತವರಲ್ಲಿ ಮತ್ತೆ ಒಳಗೆ ಹೋಗುವವರು ಕಲಿಯದವರಿಗಿಂತ ನೂರಕ್ಕೆ ಸುಮಾರು 13 ಮಂದಿ ಕಡಿಮೆ. ಆದರೆ ನಮ್ಮ ಜೈಲುಗಳಲ್ಲಿ ಕೇಂದ್ರದ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿಯ 2022ರ ಲೆಕ್ಕದಂತೆ ಮುಕ್ಕಾಲು ಪಾಲು ವಿಚಾರಣಾಧೀನರೇ, ಅಂದರೆ ಕೇಸು ಇನ್ನೂ ಮುಗಿಯದವರು. ಬೇಲ್ ಸಿಕ್ಕ ದಿನ ಕ್ಲಾಸ್ ಅರ್ಧಕ್ಕೇ ಬಿಟ್ಟು ಹೊರಡುತ್ತಾರೆ, ಯಾರದೋ ಋಣ ಹೊತ್ತುಕೊಂಡು.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನೋದು. ಸರ್ಟಿಫಿಕೇಟ್ ನೋಡಿ ಧೈರ್ಯ ತಂದುಕೊಳ್ಳಬೇಡಿ. ನೆಂಟರ ಕಾಲು ಹಿಡಿಯಿರಿ, ಬೈಸಿಕೊಳ್ಳಿ, ಪಹಣಿ ಮನೆಯವರದೇ ಇರಲಿ. ಗೆಳೆಯರು ಅಂತ ಯಾರಾದರೂ ಪಹಣಿ ಹಿಡಿದು ಬಂದರೆ ಚಾ ಕುಡಿಸಿ ಕಳಿಸಿ. ಯಾರೂ ಸಿಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಒಳಗಿರುವವರಿಗೆ ವಕೀಲರು ಪುಕ್ಕಟೆ. ಶ್ಯೂರಿಟಿ ಬದಲು ನಗದು ಕಟ್ಟಲು ಕೋರ್ಟನ್ನು ಕೇಳಬಹುದು. ಬಡ ವಿಚಾರಣಾಧೀನರ ಜಾಮೀನಿಗೆ ದುಡ್ಡು ಕೊಡುವ ಕೇಂದ್ರದ ಯೋಜನೆ 2023ರಿಂದ ಇದೆ, ಶುರುವಾದಾಗ 40,000 ರೂ.ವರೆಗೆ ಇತ್ತು. ಎಲ್ಲ ಕೇಸಿಗೂ ಬರಲ್ಲ. ನಿಮ್ಮ ತಮ್ಮನ ಕೇಸಿಗೆ ಬರುತ್ತಾ ಅಂತ ಆ ಪ್ರಾಧಿಕಾರದಲ್ಲೇ ವಿಚಾರಿಸಿ.