ಅಮೆರಿಕದಲ್ಲಿ ಹಿರಿಯರ ಹೋಮ್ ಕೇರ್ ಫ್ರಾಂಚೈಸಿ ತಗೊಳ್ಳಬೇಕು ಅಂತಿದ್ದೇನೆ, ಯಾವುದು ಒಳ್ಳೆಯದು?

ನೀವು ಡಲ್ಲಾಸ್ ಹತ್ತಿರ ಇದ್ದೀರಿ, ಗ್ರೀನ್ ಕಾರ್ಡ್ ಬಂದಿದೆ, ಐಟಿ ಕೆಲಸ ಬಿಟ್ಟು ಹೋಮ್ ಇನ್‌ಸ್ಟೆಡ್, ವಿಸಿಟಿಂಗ್ ಏಂಜಲ್ಸ್, ಬ್ರೈಟ್‌ಸ್ಟಾರ್ ಕೇರ್ ಈ ಮೂರರಲ್ಲಿ ಒಂದನ್ನು ಹಿಡಿಯುವ ಯೋಚನೆ ಇದೆ ಅಂತ ಬರೆದಿದ್ದೀರಿ. ನಾನೂ ಟೆಕ್ಸಸ್‌ನಲ್ಲೇ ಆರು ವರ್ಷದಿಂದ ಇಂಥ ಒಂದು ಫ್ರಾಂಚೈಸಿ ನಡೆಸುತ್ತಿದ್ದೇನೆ. ನನ್ನದು ಆ ಮೂರರಲ್ಲಿ ಯಾವುದೂ ಅಲ್ಲ.

ಮೊದಲಿಗೆ, ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮೊದಲ ಎರಡರ ಮುಖ್ಯ ಕೆಲಸ ಸ್ನಾನ ಮಾಡಿಸುವುದು, ಅಡುಗೆ ಮಾಡಿ ಬಡಿಸುವುದು, ಜೊತೆಗಿರುವುದು. ಬ್ರೈಟ್‌ಸ್ಟಾರ್‌ನಲ್ಲಿ ನರ್ಸ್ ಮೇಲ್ವಿಚಾರಣೆ ಇರುತ್ತದೆ, ವೈದ್ಯಕೀಯ ಆರೈಕೆಯೂ ಸೇರುತ್ತದೆ. ಅಂದರೆ ಇನ್ನೂ ಕೈತುಂಬ ಗ್ರಾಹಕರು ಬರುವ ಮೊದಲೇ ನರ್ಸ್ ಸಂಬಳ ಶುರು. ಹೋಮ್ ಇನ್‌ಸ್ಟೆಡ್ 1994ರಲ್ಲಿ ಒಮಾಹಾದಲ್ಲಿ ಒಂದು ಕುಟುಂಬ ಕಟ್ಟಿದ ಸಂಸ್ಥೆ. 2021ರಲ್ಲಿ ಅದನ್ನು ಹಾನರ್ ಎಂಬ ಟೆಕ್ ಕಂಪನಿ ಕೊಂಡುಕೊಂಡಿತು. ಒಡೆತನ ಬದಲಾದ ಮೇಲೆ ತಮ್ಮ ದಿನದ ಕೆಲಸದಲ್ಲಿ ಏನು ಬದಲಾಯಿತು ಅಂತ ಅಲ್ಲಿನ ಹಳೆಯ ಮಾಲೀಕರನ್ನೇ ಕೇಳಿ.

ಮೂವರಿಂದಲೂ ಎಫ್‌ಡಿಡಿ, ಅಂದರೆ ಫ್ರಾಂಚೈಸಿಯ ಪೂರ್ತಿ ವಿವರ ಇರುವ ದಾಖಲೆ ತರಿಸಿಕೊಳ್ಳಿ. ಅದರಲ್ಲಿ 23 ಐಟಂ, ಅಂದರೆ ವಿಭಾಗಗಳು ಇರುತ್ತವೆ. ನೀವು ಸಹಿ ಹಾಕುವುದಕ್ಕೆ, ದುಡ್ಡು ಕೊಡುವುದಕ್ಕೆ ಕನಿಷ್ಠ 14 ದಿನ ಮೊದಲು ಅದನ್ನು ಕೊಡಲೇಬೇಕು ಅಂತ ಕೇಂದ್ರ ನಿಯಮವಿದೆ. ಎಲ್ಲರೂ ಐಟಂ 7ರ ಒಟ್ಟು ಬಂಡವಾಳ, ಐಟಂ 19ರ ವಹಿವಾಟಿನ ಅಂಕಿ ನೋಡಿ ಮುಚ್ಚಿಡುತ್ತಾರೆ. ನಾನೂ ಹಾಗೇ ಮಾಡಿದೆ. ಐಟಂ 19ರಲ್ಲಿ ಕಾಣುವುದು ಬಹಳ ಸಲ ಬರೀ ವಹಿವಾಟು, ಲಾಭ ಅಲ್ಲ. ಅದೂ ಹತ್ತು ಹದಿನೈದು ವರ್ಷ ಹಳೆಯ ಆಫೀಸುಗಳನ್ನೆಲ್ಲ ಸೇರಿಸಿದ ಸರಾಸರಿ ಇರಬಹುದು.

ಮುಖ್ಯ ಕಂಪನಿಗೆ ನೀವು ಕಟ್ಟುವ ರಾಯಲ್ಟಿ ಲಾಭದ ಮೇಲಲ್ಲ, ಒಟ್ಟು ಬಿಲ್ಲಿನ ಮೇಲೆ. ಒಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ 32 ಡಾಲರ್ ಬಿಲ್ ಮಾಡುತ್ತೀರಿ ಅಂದುಕೊಳ್ಳಿ. ಮನೆಗೆ ಹೋಗಿ ಆರೈಕೆ ಮಾಡುವ ಕೇರ್‌ಗಿವರ್‌ಗೆ 15, ತೆರಿಗೆ, ವಿಮೆಗೆ 2 ಹೋದರೆ ಕೈಯಲ್ಲಿ 15 ಉಳಿಯಿತು. 5% ರಾಯಲ್ಟಿ ಅಂದರೆ 1.60 ಡಾಲರ್. ನಿಮ್ಮ 15ರಲ್ಲಿ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಅದೊಂದಕ್ಕೇ ಹೋಯಿತು. ಆಫೀಸ್ ಬಾಡಿಗೆ, ಯಾರು ಯಾವ ಮನೆಗೆ ಅಂತ ಪಾಳಿ ಹಾಕುವ ಶೆಡ್ಯೂಲರ್ ಸಂಬಳ, ಜಾಹೀರಾತು ಎಲ್ಲ ಇದಾದ ಮೇಲೆ.

ಇನ್ನೊಂದು ಮಾತು. ಹಗಲು ರಾತ್ರಿ ಆರೈಕೆ ಬೇಕಾದ ಒಬ್ಬ ಅಜ್ಜಿ ಸಿಕ್ಕರೆ ವಾರಕ್ಕೆ 168 ಗಂಟೆ ಕೆಲಸ. ಕೇಳಲು ಚೆಂದ. ಆದರೆ ಒಬ್ಬ ಕೇರ್‌ಗಿವರ್ ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ ಕೊಡಬೇಕಾಗಬಹುದು, ಈಗಿನ ನಿಯಮ ಏನಿದೆ ಕೇಳಿ ತಿಳಿದುಕೊಳ್ಳಿ. ಹಾಗಾದರೆ 15 ಇದ್ದದ್ದು 22.50 ಆಗುತ್ತದೆ, ಕೈ ಕಚ್ಚುತ್ತದೆ. ಹಾಗಾಗದಿರಲು ಆ ಒಂದು ಮನೆಗೇ ಐದು ಜನ ಬೇಕು. ಈ ಐದು ಜನ ಎಲ್ಲಿಂದ ಬರುತ್ತಾರೆ ಅನ್ನುವುದೇ ಈ ಉದ್ಯಮದ ನಿಜವಾದ ಪ್ರಶ್ನೆ. ಗ್ರಾಹಕರು ಸಿಗುತ್ತಾರೆ. ಸಿಕ್ಕವರನ್ನು ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಕೂರಿಸುವ ಕೈ ಸಿಗುವುದು ಕಷ್ಟ.

ನಾನು ಶುರು ಮಾಡಿದ ಎರಡನೇ ತಿಂಗಳು, ಒಂದು ಶನಿವಾರ ಬೆಳಗಿನ ಜಾವ ಐದೂವರೆಗೆ ಫೋನ್ ಬಂತು. ಕೇರ್‌ಗಿವರ್ ಕಾರು ಕೆಟ್ಟಿತ್ತು. ಮರೆವಿನ ಕಾಯಿಲೆ ಇದ್ದ ಆ ಅಜ್ಜಿಯ ಮನೆಗೆ ನಾನೇ ಹೋದೆ. ಓಟ್ಸ್ ಬೇಯಿಸಿ ಕೊಟ್ಟೆ, ಮೈ ಒರೆಸಿದೆ. ಅವರು ಸಂಜೆವರೆಗೂ ನನ್ನನ್ನು ತಮ್ಮ ತಂಗಿ ಅಂತಲೇ ಕರೆದರು. ಹಾಸನದಲ್ಲಿದ್ದ ನನ್ನ ಅಮ್ಮನ ಕೈ ಹೀಗೆ ಹಿಡಿದು ಕೂರಲು ನನಗೆ ಆಗಿರಲಿಲ್ಲ. ಆ ದಿನವೇ ಈ ಕೆಲಸ ಬಿಡುವುದಿಲ್ಲ ಅಂತ ತೀರ್ಮಾನ ಮಾಡಿದೆ. ಆದರೆ ಮುಖ್ಯ ಕಚೇರಿಯವರು ಕೊಟ್ಟ ತರಬೇತಿಯಲ್ಲಿ ಬದಲಿ ಜನ ಇಟ್ಟುಕೊಳ್ಳುವ ಬಗ್ಗೆ ಅರ್ಧ ಗಂಟೆಯೂ ಇರಲಿಲ್ಲ. ಮಾರಾಟದ ಬಗ್ಗೆ ಎರಡು ಪೂರ್ತಿ ದಿನ ಇತ್ತು.

ಅದಕ್ಕೇ ಹೇಳುತ್ತೇನೆ, ಐಟಂ 20 ತೆರೆಯಿರಿ. ಈಗಿನ ಮಾಲೀಕರ ಜೊತೆಗೆ, ಕಳೆದ ಹಣಕಾಸು ವರ್ಷದಲ್ಲಿ ಬಿಟ್ಟು ಹೋದವರ ಹೆಸರು, ಸಂಪರ್ಕ ಅಲ್ಲಿರುತ್ತದೆ. ಕಂಪನಿಯವರು ತಾವಾಗಿ ಕೊಡುವ ನಾಲ್ಕು ನಂಬರ್ ಸುಮ್ನೆ ಪಕ್ಕಕ್ಕಿಡಿ. ಬಿಟ್ಟು ಹೋದವರಿಗೆ ಫೋನ್ ಮಾಡಿ. ಕೆಲವರು ಮಾತಾಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಐಟಂ 12 ನಿಮಗೆ ಕೊಡುವ ಪ್ರದೇಶದ ಬಗ್ಗೆ. ನಮ್ಮ ಕಡೆಯವರ ಅಪ್ಪ ಅಮ್ಮಂದಿರಿಗೆ ಅನ್ನ ಸಾರು ಮಾಡಿಕೊಡುವ, ಕನ್ನಡವೋ ತೆಲುಗೋ ಬರುವ ಕೇರ್‌ಗಿವರ್ ಬೇಕು. ನೀವೂ ಆ ಆಸೆಯಲ್ಲೇ ಇದ್ದೀರಿ ಅಂತ ಬರೆದಿದ್ದೀರಿ, ತುಂಬಾ ಸಂತೋಷ. ಆದರೆ ಅಂಥ ಮನೆಗಳು ಡಲ್ಲಾಸ್ ಸುತ್ತಲಿನ ಫ್ರಿಸ್ಕೊ, ಪ್ಲೇನೊ, ಅರ್ವಿಂಗ್ ಅಂತ ಚದುರಿವೆ. ನಿಮಗೆ ಕೊಡುವುದು ಕೆಲವೇ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ). ಪಕ್ಕದ ಮಾಲೀಕರ ಜಾಗದಲ್ಲಿ ನೀವು ಪ್ರಚಾರ ಮಾಡಬಹುದೇ, ಅಲ್ಲಿಂದ ತಾನಾಗಿ ಬಂದ ಕರೆ ಯಾರಿಗೆ, ಇದನ್ನು ಬರಹದಲ್ಲಿ ಪಡೆಯಿರಿ.

ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ದುಡ್ಡು ಕೊಡುತ್ತೆ ಅಲ್ವಾ ಅಂತಲೂ ಕೇಳಿದ್ದೀರಿ. ಇಲ್ಲ. ಬರೀ ಸ್ನಾನ, ಊಟ, ಜೊತೆಗಾರಿಕೆಗೆ ಮೆಡಿಕೇರ್ ಕೊಡುವುದಿಲ್ಲ. ಮನೆಯವರ ಜೇಬು, ದೀರ್ಘಕಾಲದ ಆರೈಕೆಯ ವಿಮೆ, ಮಾಜಿ ಸೈನಿಕರ ಸೌಲಭ್ಯ, ಕೆಲವರಿಗೆ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ವಿಮೆ), ಇವಿಷ್ಟೇ ದಾರಿ. ಜೇಬಿನಿಂದ ಕೊಡುವವರನ್ನು ಬಿಟ್ಟರೆ ಉಳಿದವರ ಹಣ ತಡವಾಗಿ ಬರುತ್ತದೆ. ಕೂಲಿ ಮಾತ್ರ ತಪ್ಪದೆ ಕೊಡಬೇಕು.

ಎಚ್-1ಬಿ ಕೆಲಸದ ವೀಸಾದಲ್ಲಿರುವವರು ಇದನ್ನು ಓದುತ್ತಿದ್ದರೆ: ಹೂಡಿಕೆ ಬೇರೆ, ನೀವೇ ಕೂತು ನಡೆಸುವುದು ಬೇರೆ. ಹೂಡಿಕೆ ಮಾಡಿ ಉದ್ಯಮ ನಡೆಸುವವರ ಇ-2 ವೀಸಾ ಭಾರತದ ಪೌರರಿಗೆ ಸಿಗುವುದಿಲ್ಲ. ವಕೀಲರನ್ನು ಕೇಳದೆ ಮುಂಗಡ ಕೊಡಬೇಡಿ.

ಫ್ರಾಂಚೈಸಿ ಬಿಟ್ಟು ಹೋದವರು ಫೋನಿಗೆ ಸಿಕ್ಕರೆ ದುಡ್ಡಿನ ಮಾತು ಆಮೇಲೆ ಎತ್ತಿ. ಮೊದಲು ಇಷ್ಟು ಕೇಳಿ: ಭಾನುವಾರ ಕೇರ್‌ಗಿವರ್ ಬರದಿದ್ದಾಗ ಮುಖ್ಯ ಕಚೇರಿಯಲ್ಲಿ ಯಾರಾದರೂ ಫೋನ್ ಎತ್ತುತ್ತಿದ್ದರಾ?