ಇಂಗ್ಲೆಂಡಿನ ಹಳೇ ಹಳ್ಳಿ ಚರ್ಚುಗಳ ಬೆಂಚಿಗೆ ಬಾಗಿಲು ಯಾಕಿತ್ತು?

ಮುಖ್ಯವಾಗಿ ಚಳಿಗೆ. ಆಗೆಲ್ಲ ಚರ್ಚಿನೊಳಗೆ ಬೆಂಕಿಯ ಕಾವಿರುತ್ತಿರಲಿಲ್ಲ, ಪಾದ್ರಿಯ ಪ್ರಸಂಗ (ಉಪದೇಶ) ಬೇಗ ಮುಗಿಯುತ್ತಲೂ ಇರಲಿಲ್ಲ. ಸುತ್ತ ಎತ್ತರದ ಹಲಗೆ ಹೊಡೆದು ಬಾಗಿಲು ಹಾಕಿಕೊಂಡರೆ ಕಾಲಿಗೆ ಗಾಳಿ ಬಡಿಯುವುದಿಲ್ಲ. ಜೊತೆಗೆ ಅಂತಸ್ತಿನ ವಿಷಯವೂ ಇತ್ತು ಅನ್ನಿ: ಎಷ್ಟೋ ಕಡೆ ಒಂದೊಂದು ಮನೆತನಕ್ಕೆ ಇಂಥ ಒಂದೊಂದು ಪೆಟ್ಟಿಗೆ ಬೆಂಚು.

ಕೆಂಟ್ ಪ್ರಾಂತ್ಯದ ಫೇರ್‌ಫೀಲ್ಡ್ ಚರ್ಚಿನಲ್ಲಿ ಇವು ಇನ್ನೂ ಇವೆ, ಬಿಳಿ ಬಣ್ಣಕ್ಕೆ ಕಪ್ಪು ಅಂಚು. ಹೊರಗಿಂದ ಇಟ್ಟಿಗೆ ಕಟ್ಟಡ. ಒಳಗೆ ತಲೆ ಎತ್ತಿದರೆ ದಪ್ಪ ದಪ್ಪ ಮರದ ತೊಲೆಗಳು. ಇಟ್ಟಿಗೆಯನ್ನು 18ನೇ ಶತಮಾನದಲ್ಲಿ ಸುಮ್ನೆ ಹೊದಿಸಿದ್ದು. ಪ್ರಸಂಗಪೀಠಕ್ಕೆ ಮೂರು ಮಜಲು. ಕೆಳಗೆ ಚರ್ಚಿನ ಗುಮಾಸ್ತ, ನಡುವೆ ಪ್ರಾರ್ಥನೆ ಓದುವ ಪಾದ್ರಿ. ಪ್ರಸಂಗದ ಹೊತ್ತಿಗೆ ಅದೇ ಪಾದ್ರಿ ಮೇಲಕ್ಕೆ ಹತ್ತುತ್ತಿದ್ದರು! ದೀಕ್ಷಾಸ್ನಾನದ ತೊಟ್ಟಿಗೆ 7 ಮುಖ, ಬೇರೆ ಕಡೆ 8 ಇರುವುದೇ ಜಾಸ್ತಿ.

ಉಳಿದ ಬಹುತೇಕ ಚರ್ಚುಗಳಲ್ಲಿ 19ನೇ ಶತಮಾನದ ದುರಸ್ತಿ ಹೆಸರಲ್ಲಿ ಇಂಥ ಪೆಟ್ಟಿಗೆಗಳನ್ನೆಲ್ಲ ಕಿತ್ತುಹಾಕಿದರು.